ಕೂಸಿನ ತೂಕ ನೋಡುವವರು ತಾಯಿಯ ಮನಸ್ಸನ್ನೂ ಕೇಳಲಿ

ಹೆರಿಗೆಯಾದ ಮನೆಗೆ ಹೋದಾಗ ನಾವು ಕೇಳುವ ಪ್ರಶ್ನೆಗಳು ಎಲ್ಲ ಊರಿನಲ್ಲೂ ಒಂದೇ. ಗಂಡೋ, ಹೆಣ್ಣೋ? ತೂಕ ಎಷ್ಟು? ನಾರ್ಮಲ್ಲೋ, ಸಿಸೇರಿಯನ್ನೋ? ಹಾಲು ಸಾಕಾಗುತ್ತಿದೆಯೋ? ಸರ್ಕಾರವೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಕಾರ್ಡಿನಲ್ಲಿ ಬರೆದುಕೊಳ್ಳುತ್ತದೆ. ಹೆತ್ತವಳ ಮನಸ್ಸು ಹೇಗಿದೆ ಎಂದು ನಾವೂ ಕೇಳುವುದಿಲ್ಲ, ಸರ್ಕಾರದವರು ಕೇಳುವುದೂ ಅಪರೂಪ. ಹೆರಿಗೆಯ ನಂತರ ಬರುವ ಖಿನ್ನತೆಯ ವಿಷಯದಲ್ಲಿ ಸರ್ಕಾರಗಳು ಏನು ಮಾಡಿವೆ, ಏನು ಮಾಡಬೇಕಿದೆ ಎಂಬುದನ್ನು ಹೈದರಾಬಾದಿನ ಕನ್ನಡ ಬಾಂಧವರ ಮುಂದಿಡುವುದು ಈ ಬರಹದ ಉದ್ದೇಶ.

ನಾನು ವೈದ್ಯನಲ್ಲ, ಬ್ಯಾಂಕ್ ಗುಮಾಸ್ತ. ಆದರೆ ಹೆರಿಗೆ ಸಹಾಯಧನಕ್ಕೆಂದು ಖಾತೆ ತೆರೆಯಲು, ಕಂತು ಜಮೆಯಾಗಿದೆಯೇ ಎಂದು ಪಾಸ್‌ಬುಕ್ ಹಾಕಿಸಲು ಕೂಸನ್ನು ಕಟ್ಟಿಕೊಂಡು ಬರುವ ಎಳೆಯ ತಾಯಂದಿರನ್ನು ಕೌಂಟರಿನ ಈಚೆಯಿಂದ ಬಹಳ ವರ್ಷ ನೋಡಿದ್ದೇನೆ. ಸರ್ಕಾರದ ಹಣ ಅವರ ಖಾತೆಯವರೆಗೆ ತಲುಪುವುದನ್ನು ಕಂಡವನಿಗೆ, ಸರ್ಕಾರದ ಒಂದು ಪ್ರಶ್ನೆ ಅವರ ಕಿವಿಯವರೆಗೆ ತಲುಪುವುದು ಏಕೆ ಕಷ್ಟ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇದು ಸೋಮಾರಿತನವಲ್ಲ

ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡಿಮಿಡಿ, ನಿದ್ದೆಗೇಡು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಎರಡು ವಾರದೊಳಗೆ ಅದು ತಾನಾಗಿಯೇ ಇಳಿಯುತ್ತದೆ. ಅದು ರೋಗವಲ್ಲ.

ಎರಡು ವಾರ ದಾಟಿದ ಮೇಲೂ ಮನಸ್ಸು ಏಳದಿದ್ದರೆ, ಕೂಸಿನ ಮೇಲೆ ಮಮತೆ ಹುಟ್ಟದಿದ್ದರೆ, ಕೂಸು ಮಲಗಿದರೂ ತಾನು ಮಲಗಲಾಗದಿದ್ದರೆ, 'ನನ್ನಿಂದ ಇದು ಆಗದು, ನಾನು ಕೆಟ್ಟ ತಾಯಿ' ಎಂಬ ಕೊರಗು ಹಿಡಿದರೆ ಅದು ಖಿನ್ನತೆ. ಹೆರಿಗೆಯಾದ ಒಂದು ವರ್ಷದೊಳಗೆ ಇದು ಯಾವಾಗ ಬೇಕಾದರೂ ಬರಬಹುದು. ಇನ್ನೂ ಗಂಭೀರವಾದದ್ದು ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಸ್ಥಿತಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಇಲ್ಲದ್ದು ಕಾಣುವುದು, ಇಲ್ಲದ್ದು ಕೇಳುವುದು ಶುರುವಾದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ದೇಶದಲ್ಲಿ ನಡೆದ 38 ಅಧ್ಯಯನಗಳನ್ನು, 20 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ಲೇಖನವೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರು ತಾಯಂದಿರಲ್ಲಿ 22 ಮಂದಿಗೆ ಹೆರಿಗೆಯ ನಂತರದ ಖಿನ್ನತೆ ಕಾಡುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಈ ಸಂಖ್ಯೆ 26. ಅಂದರೆ ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ವರ್ಷಕ್ಕೆ 20 ತೊಟ್ಟಿಲು ಕಟ್ಟಿದರೆ, ನಾಲ್ಕೈದು ಮನೆಗಳಲ್ಲಿ ಈ ಸಂಕಟ ಇದ್ದೀತು. ಆ ನಾಲ್ಕೈದು ಮನೆಗಳು ಯಾವುವು ಎಂದು ನಮಗೆ ಗೊತ್ತೇ?

ಗೋವಾದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕಾರಣಗಳನ್ನೂ ಹೇಳಿತು. ಬಡತನ, ಗಂಡನ ಹೊಡೆತ, ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟುವುದು ಇವೆಲ್ಲ ಖಿನ್ನತೆಗೆ ದಾರಿ ಮಾಡುತ್ತವೆ. ಹಾಗಾಗಿ ಇದು ಹೆಣ್ಣಿನ ಮನೋದೌರ್ಬಲ್ಯ ಎಂದು ಕೈತೊಳೆದುಕೊಳ್ಳಲು ಬರುವುದಿಲ್ಲ. ಮನೆಯವರ ನಡತೆಯೂ ಇದರಲ್ಲಿ ಸೇರಿದೆ.

'ನಮ್ಮ ಕಾಲದಲ್ಲಿ ಏಳೆಂಟು ಹೆತ್ತರೂ ಇದೆಲ್ಲ ಇರಲಿಲ್ಲ' ಎನ್ನುವ ಹಿರಿಯರಿದ್ದಾರೆ. ಇತ್ತು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂಬ ಹೆಸರುಗಳಿದ್ದವು. ಆದರೆ ಆ ಕಾಲದ ಬಾಣಂತನದಲ್ಲಿ ಒಂದು ಒಳ್ಳೆಯದೂ ಇತ್ತು. ಎಣ್ಣೆನೀರು ಹಾಕುವವರು ಒಬ್ಬರು, ಅಂಟಿನುಂಡಿ ಕಟ್ಟುವವರು ಒಬ್ಬರು, ರಾತ್ರಿ ಕೂಸನ್ನು ತೂಗುವವರು ಇನ್ನೊಬ್ಬರು ಹೀಗೆ ಬಾಣಂತಿಯ ಸುತ್ತ ನಾಲ್ಕು ಜನ ಹೆಂಗಸರಿದ್ದರು. ಈಗ ಮಿಯಾಪುರದ ಅಥವಾ ಉಪ್ಪಲ್‌ನ ಫ್ಲಾಟಿನಲ್ಲಿ ಕೂಸಿನ ಜೊತೆ ಇರುವವಳು ತಾಯಿ ಒಬ್ಬಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತೆಲಂಗಾಣದಲ್ಲಿ ನೂರರಲ್ಲಿ 60 ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆಗುತ್ತವೆ, ದೇಶದಲ್ಲೇ ಇದು ಹೆಚ್ಚು. ಹೊಲಿಗೆಯ ನೋವು ಮಾಯುವ ಮೊದಲೇ ಆಕೆ ರಾತ್ರಿಯಿಡೀ ಎದ್ದಿರಬೇಕು.

ಸರ್ಕಾರ ದೇಹವನ್ನು ಉಳಿಸಿದೆ

ಸರ್ಕಾರ ಏನೂ ಮಾಡಿಲ್ಲ ಎಂದು ಬರೆದರೆ ಅದು ಅನ್ಯಾಯ. 2001-03ರಲ್ಲಿ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ 301 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು. ಕರ್ನಾಟಕದಲ್ಲಿ 228 ಇದ್ದದ್ದು 69 ಆಯಿತು. ತೆಲಂಗಾಣದಲ್ಲಿ ಅದೇ ಅವಧಿಗೆ 43. ಇದು ಸಣ್ಣ ಸಾಧನೆಯಲ್ಲ. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ಕರ್ನಾಟಕದ 2007ರ ಮಡಿಲು ಕಿಟ್, 2017ರ ಮಾತೃಪೂರ್ಣ ಊಟ, ತೆಲಂಗಾಣದ 2015ರ ಆರೋಗ್ಯ ಲಕ್ಷ್ಮಿ ಊಟ ಇವೆಲ್ಲ ಸೇರಿ ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದವು, ಬಾಣಂತಿಯ ತಟ್ಟೆಗೆ ಮೊಟ್ಟೆ ಹಾಲು ತಂದವು.

ತೆಲಂಗಾಣ ಸರ್ಕಾರ 2017ರ ಜೂನ್‌ನಲ್ಲಿ ಆರಂಭಿಸಿದ ಕೆ.ಸಿ.ಆರ್. ಕಿಟ್ ಯೋಜನೆಯ ಲೆಕ್ಕವನ್ನು ನಮ್ಮಂಥ ಬ್ಯಾಂಕಿನವರು ಬಲ್ಲೆವು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಗಂಡಾದರೆ 12 ಸಾವಿರ, ಹೆಣ್ಣಾದರೆ 13 ಸಾವಿರ ರೂಪಾಯಿ ನಾಲ್ಕು ಕಂತುಗಳಲ್ಲಿ ನಿಗದಿಯಾಗಿತ್ತು. ಗರ್ಭಿಣಿಯ ತಪಾಸಣೆಗೆ ಒಂದು ಕಂತು, ಹೆರಿಗೆಗೆ ಒಂದು, ಕೂಸಿನ ಮೂರೂವರೆ ತಿಂಗಳ ಲಸಿಕೆಗೆ ಒಂದು, ಒಂಬತ್ತು ತಿಂಗಳ ಲಸಿಕೆಗೆ ಕೊನೆಯದು. ಈ ಕಂತುಗಳ ಹಿಂದೆ ಒಂದು ಜಾಣತನವಿತ್ತು. ಹಣದ ನೆಪದಲ್ಲಿ ತಾಯಿ ಆಸ್ಪತ್ರೆಗೆ ಮತ್ತೆ ಮತ್ತೆ ಬರುತ್ತಾಳೆ, ಕೂಸಿಗೆ ಲಸಿಕೆ ತಪ್ಪುವುದಿಲ್ಲ.

ನನ್ನ ಮಾತು ಇಷ್ಟೇ. ಆಕೆ ಬಂದೇ ಬರುತ್ತಾಳಲ್ಲ, ಆಗ ಆಕೆಯನ್ನೂ ಎರಡು ಮಾತು ಕೇಳಬಾರದೇ?

ಬಾಗಿಲವರೆಗೆ ಬಂದವರು

2011ರಿಂದ ಜಾರಿಯಲ್ಲಿರುವ ಮನೆಭೇಟಿ ಕಾರ್ಯಕ್ರಮದಂತೆ ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ ಆರು ಬಾರಿ ಹೋಗಬೇಕು. 3, 7, 14, 21, 28 ಮತ್ತು 42ನೇ ದಿನ. ಕೂಸಿನ ತೂಕ ನೋಡಬೇಕು, ಜ್ವರ ನೋಡಬೇಕು, ಹೊಕ್ಕುಳು ನೋಡಬೇಕು. 2018ರಿಂದ 3, 6, 9, 12 ಮತ್ತು 15ನೇ ತಿಂಗಳ ಭೇಟಿಗಳೂ ಸೇರಿದವು. ಇದಲ್ಲದೆ 6, 10, 14ನೇ ವಾರ ಮತ್ತು 9ನೇ ತಿಂಗಳಲ್ಲಿ ಲಸಿಕೆಗೆಂದು ತಾಯಿಯೇ ಕೂಸನ್ನು ಎತ್ತಿಕೊಂಡು ಹೋಗುತ್ತಾಳೆ. ಮೊದಲ ಒಂದು ವರ್ಷದಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆ ಮತ್ತು ತಾಯಿ ಎದುರುಬದುರಾಗುವ ಸಂದರ್ಭಗಳನ್ನು ಎಣಿಸಿದರೆ ಹದಿನಾಲ್ಕು ಆಗುತ್ತವೆ.

ಕೇಳಬೇಕಾದ ಪ್ರಶ್ನೆಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿ 1987ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಕನ್ನಡ ರೂಪವನ್ನು ಕರ್ನಾಟಕದ ಹಳ್ಳಿಗಳ ಗರ್ಭಿಣಿಯರಲ್ಲಿ ಪರೀಕ್ಷಿಸಿ 2011ರಲ್ಲೇ ಪ್ರಕಟಿಸಿದ್ದಾರೆ. ಹತ್ತು ಹೆಚ್ಚಾಯಿತು ಎಂದರೆ ಎರಡೇ ಪ್ರಶ್ನೆಗಳ ಕ್ರಮವೂ ಇದೆ. ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ ದಾರಿ ಕಾಣದಂತೆ ಆಗುತ್ತಿತ್ತೇ? ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲೂ ಆಸಕ್ತಿ ಹೋಗಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೆ ಮುಂದೆ ವಿಚಾರಿಸಬೇಕು. ಎರಡು ನಿಮಿಷದ ಕೆಲಸ.

ನಮಗೆ ಪರಿಚಯದ ಒಂದು ಮನೆಯಲ್ಲಿ ನಡೆದದ್ದನ್ನು ಗುರುತು ಸಿಗದಂತೆ ಹೇಳುತ್ತೇನೆ. ಸೊಸೆ ರಾಯಚೂರು ಕಡೆಯ ಹುಡುಗಿ. ತವರಿನಲ್ಲಿ ಹೆರಿಗೆಯಾಗಿ ಐದನೇ ತಿಂಗಳಲ್ಲಿ ಹೈದರಾಬಾದಿಗೆ ಬಂದಳು. ಗಂಡನಿಗೆ ರಾತ್ರಿ ಪಾಳಿ. ಬಂದ ಕೆಲವೇ ದಿನಗಳಲ್ಲಿ ಹುಡುಗಿ ಮಾತು ಕಡಿಮೆ ಮಾಡಿದಳು. ತಲೆ ಬಾಚಿಕೊಳ್ಳುವುದು ಬಿಟ್ಟಳು. ಕೂಸು ಅತ್ತರೂ ನೋಡುತ್ತ ಕುಳಿತಿರುತ್ತಿದ್ದಳು. ಅತ್ತೆ ಮೊದಲು ಸೋಮಾರಿತನ ಎಂದರು, ಆಮೇಲೆ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಒಂಬತ್ತನೇ ತಿಂಗಳ ದಡಾರ ಲಸಿಕೆಗೆ ಹೋದಾಗ ಅಲ್ಲಿದ್ದ ನರ್ಸ್ ಬೀದರ್ ಕಡೆಯವರು. ಕೂಸಿಗೆ ಸೂಜಿ ಚುಚ್ಚಿ ತಾಯಿಯ ಮುಖ ನೋಡಿ, 'ರಾತ್ರಿ ನಿದ್ದಿ ಬರ್ತದೇನವ್ವಾ?' ಎಂದು ಕೇಳಿದರು. ಹುಡುಗಿ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅಂದೇ ಮನೋವೈದ್ಯರ ಹೆಸರು ಬರೆದುಕೊಟ್ಟರು. ಚಿಕಿತ್ಸೆ ಶುರುವಾಗಿ ಕೆಲವು ತಿಂಗಳಲ್ಲಿ ಆಕೆ ಮೊದಲಿನಂತಾದಳು.

ಹೀಗೆ ಕೇಳಬೇಕೆಂದು ಆ ನರ್ಸಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಕೇಳಿದ್ದು ಅವರ ದೊಡ್ಡ ಮನಸ್ಸು. ಆದರೆ ಒಬ್ಬರ ದೊಡ್ಡ ಮನಸ್ಸನ್ನು ನಂಬಿಕೊಂಡು ಆರೋಗ್ಯ ವ್ಯವಸ್ಥೆ ನಡೆಯಬಾರದು. ಅದು ನಿಯಮವಾಗಬೇಕು.

ತವರು ಅಲ್ಲಿ, ಮನೆ ಇಲ್ಲಿ

ಈ ಪ್ರಸಂಗದಲ್ಲಿ ನಮ್ಮಂಥ ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ.

ಒಂದು, ಊರು. 1956ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದವು. ರಾಜ್ಯ ಬೇರೆಯಾದರೂ ಹೆಣ್ಣು ಕೊಡುವುದು, ತರುವುದು ನಿಂತಿಲ್ಲ. ಕುಬಸ ಮಾಡಿ ಹೆಣ್ಣುಮಗಳನ್ನು ತವರಿಗೆ ಕಳಿಸುತ್ತೇವೆ. ಆಕೆಯ ಹೆಸರು ಮೊದಲು ದಾಖಲಾಗುವುದು ಇಲ್ಲಿ, ಹೆರುವುದು ಅಲ್ಲಿ, ಮೂರು ಅಥವಾ ಐದನೇ ತಿಂಗಳಲ್ಲಿ ಮರಳುವುದು ಮತ್ತೆ ಇಲ್ಲಿಗೆ. ಅಲ್ಲಿನ ಆಶಾ ಕಾರ್ಯಕರ್ತೆಯ 42 ದಿನ ಮುಗಿದಿರುತ್ತದೆ. ಇಲ್ಲಿನ ಅಪಾರ್ಟ್‌ಮೆಂಟಿನ ಗೇಟು ದಾಟಿ ಯಾರೂ ವಿಚಾರಿಸಲು ಬರುವುದಿಲ್ಲ. ತಾಯಿಯ ಮಡಿಲು ಬಿಟ್ಟು ಒಂಟಿಯಾಗುವ ಹೊತ್ತಿನಲ್ಲೇ ಆಕೆ ಎರಡೂ ಸರ್ಕಾರಗಳ ಕಣ್ಣಿನಿಂದ ಮರೆಯಾಗುತ್ತಾಳೆ. ಕಲಬುರಗಿಯ ಶಾಖೆಯಲ್ಲಿ ತೆರೆದ ಖಾತೆಯಿಂದ ಕಾಚಿಗುಡದಲ್ಲಿ ಹಣ ತೆಗೆಯುವ ವ್ಯವಸ್ಥೆಯನ್ನು ಬ್ಯಾಂಕುಗಳು ಮಾಡಿಕೊಂಡು ಎಷ್ಟೋ ಕಾಲವಾಯಿತು. ಗರ್ಭಿಣಿಗೂ ಆರ್.ಸಿ.ಎಚ್. ಎಂಬ ಗುರುತಿನ ಸಂಖ್ಯೆಯನ್ನು ಕೊಡುತ್ತಾರೆ. ಆ ಸಂಖ್ಯೆಯ ಹಿಂದೆ ಹೋಗಿ ತಾಯಿಯನ್ನು ವಿಚಾರಿಸುವ ಕೆಲಸವೂ ರಾಜ್ಯದ ಗಡಿ ದಾಟಬೇಕು.

ಎರಡು, ಭಾಷೆ. ಹೊಟ್ಟೆನೋವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು, ಕೈಸನ್ನೆಯಲ್ಲೂ ಹೇಳಬಹುದು. ಮನಸ್ಸಿನ ನೋವನ್ನು ಹೇಳಲು ತಾಯಿನುಡಿಯೇ ಬೇಕು. ಮದುವೆಯಾಗಿ ಬಂದು ಎರಡು ವರ್ಷವೂ ಆಗದ ಹುಡುಗಿ ತೆಲುಗಿನಲ್ಲೋ ಹಿಂದಿಯಲ್ಲೋ ತನ್ನ ಒಳಗನ್ನು ಹೇಗೆ ತೋಡಿಕೊಂಡಾಳು? ಆ ಬೀದರ್‌ನ ನರ್ಸ್ ಕನ್ನಡದಲ್ಲಿ ಕೇಳಿದ್ದಕ್ಕೇ ಆ ಹುಡುಗಿಯ ಅಳು ಹೊರಬಂತು.

ಇದಕ್ಕೆ ಸರ್ಕಾರವೇ ಒದಗಿಸಿರುವ ಒಂದು ದಾರಿ ಇದೆ, ಬಹಳ ಮಂದಿಗೆ ತಿಳಿದಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆ ಆರಂಭಿಸಿತು. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸೇವೆ ಸಿಗುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಹೈದರಾಬಾದಿನ ಮನೆಯಲ್ಲಿ ಕುಳಿತೇ ಕನ್ನಡದಲ್ಲಿ ಮಾತನಾಡಬಹುದು.

ಕೇಳಿದರೆ ಸಾಲದು

ಕೇಳಿ ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ, ಚಿಕಿತ್ಸೆ ಎಲ್ಲಿದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ಸರಿಯಾದ ಮಾತೇ. ಆದರೆ ಚಿಕಿತ್ಸೆ ಎಂದಾಕ್ಷಣ ಎರ್ರಗಡ್ಡ ಆಸ್ಪತ್ರೆಯ ಗೇಟನ್ನೇ ನೆನೆಯಬೇಕಿಲ್ಲ. ಇಲ್ಲಿ 'ಎರ್ರಗಡ್ಡ' ಎಂದರೂ ನಮ್ಮ ಕಡೆ 'ಧಾರವಾಡಕ್ಕೆ ಕಳಿಸಬೇಕು' ಎಂದರೂ ಜನ ನಗುತ್ತಾರೆ. ಆ ನಗುವಿಗೆ ಹೆದರಿಯೇ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಖಿನ್ನತೆಗೆ ಒಳಗಾದ ಹೆಚ್ಚಿನ ತಾಯಂದಿರಿಗೆ ಆಸ್ಪತ್ರೆಗೆ ಸೇರುವ ಅಗತ್ಯವೇ ಬೀಳುವುದಿಲ್ಲ. ಮಾತಿನ ಚಿಕಿತ್ಸೆ, ಮನೆಯವರ ನೆರವು, ನಿದ್ದೆ ಸಾಕು. ಬೇಕಾದವರಿಗೆ ಎದೆಹಾಲು ಬಿಡಿಸದೆ ಕೊಡಬಹುದಾದ ಔಷಧಗಳಿವೆ, ವೈದ್ಯರು ನೋಡಿ ಕೊಡುತ್ತಾರೆ.

ಮಾತಿನ ಚಿಕಿತ್ಸೆಗೆ ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರಿಗೆ ತರಬೇತಿ ಕೊಟ್ಟು ಖಿನ್ನ ತಾಯಂದಿರ ಮನೆಗೆ ಕಳಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ತಿಂಗಳ ನಂತರ ಅವರ ಭೇಟಿ ಪಡೆದವರಲ್ಲಿ ನೂರಕ್ಕೆ 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಉಳಿದವರಲ್ಲಿ ಅದು 53. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಆ ಕ್ರಮವನ್ನೇ ಕೈಪಿಡಿಯಾಗಿ ಹೊರತಂದಿತು.

ನಮ್ಮಲ್ಲೂ ಇದಕ್ಕೆ ಹಿಂದಿನ ಉದಾಹರಣೆ ಇದೆ. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಜನರ ಬಳಿಗೆ ತರುವ ಪ್ರಯೋಗ ನಡೆದದ್ದು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ನಿಮ್ಹಾನ್ಸ್ ನೇತೃತ್ವದಲ್ಲಿ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ತಾಯಿ ಮತ್ತು ಕೂಸನ್ನು ಬೇರೆ ಮಾಡದೆ ಒಟ್ಟಿಗೆ ಇಟ್ಟು ಚಿಕಿತ್ಸೆ ಕೊಡುವ ವಾರ್ಡನ್ನು 2009ರಲ್ಲಿ ದೇಶದಲ್ಲೇ ಮೊದಲು ತೆರೆದದ್ದೂ ನಿಮ್ಹಾನ್ಸ್. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯೂ, ಕೂಸಿಗೆ ಅಪಾಯವಿದ್ದ ಹೊರತು, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದು ಎಂದು ಹೇಳುತ್ತದೆ. ಕೇರಳ ಸರ್ಕಾರ 'ಅಮ್ಮ ಮನಸ್ಸು' ಎಂಬ ಹೆಸರಿನಲ್ಲಿ ಆರೋಗ್ಯ ಕಾರ್ಯಕರ್ತೆಯರಿಂದಲೇ ಗರ್ಭಿಣಿ, ಬಾಣಂತಿಯರ ಮನಸ್ಸಿನ ತಪಾಸಣೆ ಮಾಡಿಸುತ್ತ ಬಂದಿದೆ. ಪಕ್ಕದ ರಾಜ್ಯಕ್ಕೆ ಸಾಧ್ಯವಾದದ್ದು ನಮ್ಮ ಎರಡು ರಾಜ್ಯಗಳಿಗೂ ಸಾಧ್ಯವಾಗಬೇಕು.

ಸರ್ಕಾರಗಳಿಗೆ ನಾಲ್ಕು ಬೇಡಿಕೆ

ತೆಲಂಗಾಣ ಮತ್ತು ಕರ್ನಾಟಕ ಸರ್ಕಾರಗಳ ಮುಂದೆ ನಾವು ಇಡಬೇಕಾದ ಬೇಡಿಕೆಗಳು ಇವು.

ಒಂದು, ಕೂಸಿನ ಪ್ರತಿ ಲಸಿಕೆಯ ದಿನ ತಾಯಿಗೆ ಆ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರ ದಾಖಲಿಸುವುದು ಕಡ್ಡಾಯವಾಗಲಿ. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯಿಸಲಿ, ನಮ್ಮಲ್ಲಿ ಬಹುಪಾಲು ಮಂದಿ ಹೋಗುವುದು ಅಲ್ಲಿಗೇ.

ಎರಡು, ಹೌದು ಎಂದವಳನ್ನು ಯಾರ ಬಳಿ ಕಳಿಸಬೇಕು ಎಂಬುದು ಮೊದಲೇ ನಿಗದಿಯಾಗಿರಲಿ. ಹೈದರಾಬಾದಿನಲ್ಲಿ 2018ರಿಂದ ಬಸ್ತಿ ದವಾಖಾನೆಗಳಿವೆ, ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ತಂಡಗಳಿವೆ. ಇವುಗಳ ನಡುವೆ ಕೊಂಡಿ ಬೇಕು. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತಾಯಿ-ಕೂಸಿಗೆಂದು ಕನಿಷ್ಠ ಎರಡು ಹಾಸಿಗೆಗಳಿರಲಿ.

ಮೂರು, ಆಶಾ ಕಾರ್ಯಕರ್ತೆಯರಿಗೆ ಹೊಸ ಕೆಲಸ ಕೊಡುವುದಾದರೆ ಹೊಸ ಹಣವನ್ನೂ ಕೊಡಿ. 2011ರಲ್ಲಿ ಆರು ಮನೆಭೇಟಿಗೆ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಭಾಗಿಸಿ ನೋಡಿ, ಒಂದು ಭೇಟಿಗೆ 42 ರೂಪಾಯಿಯೂ ಬೀಳುವುದಿಲ್ಲ. ಅಷ್ಟಕ್ಕೆ ಬಿಸಿಲಲ್ಲಿ ನಡೆದು ಬಂದ ಹೆಂಗಸಿನಿಂದ ಇನ್ನೊಬ್ಬಳ ದುಃಖವನ್ನು ಅರ್ಧ ಗಂಟೆ ಕುಳಿತು ಕೇಳುವ ತಾಳ್ಮೆಯನ್ನು ಹೇಗೆ ನಿರೀಕ್ಷಿಸುವುದು?

ನಾಲ್ಕು, ಹೆರಿಗೆಯಾದ ಒಂದು ವರ್ಷದೊಳಗೆ ತಾಯಿ ಆತ್ಮಹತ್ಯೆ ಮಾಡಿಕೊಂಡರೆ ಅದನ್ನು ಪೊಲೀಸ್ ಠಾಣೆಯ ಕಡತಕ್ಕೆ ಮಾತ್ರ ಬಿಡದೆ ಆರೋಗ್ಯ ಇಲಾಖೆಯೂ ವಿಚಾರಿಸಲಿ. ಕೇರಳದ ಪ್ರಸೂತಿ ವೈದ್ಯರ ಸಂಘ 2004ರಿಂದ ತಾಯಂದಿರ ಸಾವುಗಳನ್ನು ಹೆಸರು ಹೊರಗೆಡಹದೆ ಪರಿಶೀಲಿಸುತ್ತಿದೆ. ಅಲ್ಲಿ ಆತ್ಮಹತ್ಯೆಯೂ ಒಂದು ಮುಖ್ಯ ಕಾರಣವಾಗಿ ಕಂಡುಬಂದಿದೆ. ರಕ್ತಸ್ರಾವದಿಂದ ಆಗುವ ಸಾವನ್ನು ತಡೆದೆವು. ಈ ಸಾವುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ತಡೆಯುವುದು ಹೇಗೆ?

ಸಂಘಗಳೂ ಕೈಜೋಡಿಸಲಿ

ಸರ್ಕಾರಕ್ಕೆ ಮನವಿ ಕೊಟ್ಟು ನಾವು ಸುಮ್ಮನಿರಬಾರದು. ರಾಜ್ಯೋತ್ಸವ, ನಾಟಕ, ಹರಟೆ ಎಲ್ಲವೂ ಬೇಕು. ಅದರ ಜೊತೆಗೆ ನಮ್ಮ ಮಹಿಳಾ ವಿಭಾಗಗಳು ಒಂದು ಸಣ್ಣ ಕೆಲಸ ಕೈಗೆತ್ತಿಕೊಳ್ಳಲಿ. ತವರಿನಿಂದ ಕೂಸಿನೊಂದಿಗೆ ಮರಳಿದ ಸೊಸೆಯಂದಿರ ಮನೆಗೆ ಹಿರಿಯ ಮಹಿಳೆಯರಿಬ್ಬರು ತಿಂಗಳಿಗೊಮ್ಮೆ ಹೋಗಿ ಬರಲಿ. ಉಪದೇಶ ಬೇಡ, ಹೋಲಿಕೆ ಬೇಡ. ಕೂಸನ್ನು ಒಂದು ಗಂಟೆ ಎತ್ತಿಕೊಂಡು ಆಕೆಗೆ ಮಲಗಲು ಬಿಟ್ಟರೂ ಸಾಕು. ಮಾತು ಬಂದರೆ ಕನ್ನಡದಲ್ಲಿ ಕೇಳಿಸಿಕೊಳ್ಳಲಿ, ಕೇಳಿದ್ದನ್ನು ಹೊರಗೆ ಆಡದಿರಲಿ. ಎರಡು ವಾರ ಕಳೆದರೂ ಬಾಡಿದ ಮುಖ ಅರಳದಿದ್ದರೆ ವೈದ್ಯರ ಬಳಿ ಜೊತೆಗೆ ಹೋಗಲಿ. 14416 ಎಂಬ ಸಂಖ್ಯೆಯನ್ನು ಸಂಘದ ಕ್ಯಾಲೆಂಡರಿನಲ್ಲೂ ಆಹ್ವಾನ ಪತ್ರಿಕೆಯ ಹಿಂಬದಿಯಲ್ಲೂ ಅಚ್ಚು ಹಾಕಿಸಬಹುದು, ಖರ್ಚೇನೂ ಇಲ್ಲ.

ಗಂಡಸರಿಗೂ ಒಂದು ಮಾತು. ಬ್ಯಾಂಕ್ ನೌಕರರಿಗೆ 2015ರ ವೇತನ ಒಪ್ಪಂದದಲ್ಲಿ 15 ದಿನಗಳ ಪಿತೃತ್ವ ರಜೆ ಬಂತು. ನಾವು ತಂದೆಯಾದ ಕಾಲದಲ್ಲಿ ಅದು ಇರಲಿಲ್ಲ. ಈಗಿನ ಹುಡುಗರಲ್ಲಿ ಕೆಲವರು ಆ ರಜೆಯನ್ನು ತೊಟ್ಟಿಲ ಕಾರ್ಯಕ್ರಮದ ಓಡಾಟಕ್ಕೆ, ಊರಿನ ಕೆಲಸಕ್ಕೆ ಬಳಸುವುದನ್ನು ನೋಡಿದ್ದೇನೆ. ಆ ರಜೆ ಇರುವುದು ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಎತ್ತಿಕೊಂಡು ಹೆಂಡತಿಗೆ 'ನೀ ಮಲಗು' ಎನ್ನುವುದಕ್ಕೆ.

ನಗರದ ಕನ್ನಡ ಸಂಘಗಳೆಲ್ಲ ಸೇರಿ ಈ ನಾಲ್ಕು ಬೇಡಿಕೆಗಳ ಮನವಿಯನ್ನು ಎರಡೂ ರಾಜ್ಯಗಳ ಆರೋಗ್ಯ ಸಚಿವರಿಗೆ ಸಲ್ಲಿಸಬೇಕು. ಕನ್ನಡದಲ್ಲಿ ಒಂದು ಪ್ರತಿ, ತೆಲುಗಿನಲ್ಲಿ ಒಂದು ಪ್ರತಿ. ಪದಾಧಿಕಾರಿಗಳು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬೇಕೆಂದು ವಿನಂತಿ. ಮನವಿ ಟೈಪು ಮಾಡಿಕೊಡುವ ಕೆಲಸ ನನಗೆ ಬಿಡಿ, ಬ್ಯಾಂಕಿನ ಹೊತ್ತು ಮುಗಿದ ಮೇಲೆ ಸಂತೋಷದಿಂದ ಮಾಡಿಕೊಡುತ್ತೇನೆ.